ಸೊಳ್ಳೆ ಮೆಷಿನ್ನಿನ ಬಾಟಲಿಗೆ ಬೇವಿನೆಣ್ಣೆ, ಕರ್ಪೂರ ತುಂಬಬೇಡಿ

ಮಳೆಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಆ ಉಪಾಯ ಮತ್ತೆ ಓಡಾಡತೊಡಗುತ್ತದೆ: ಖಾಲಿಯಾದ ಲಿಕ್ವಿಡ್ ಬಾಟಲಿಯ ಬತ್ತಿಯನ್ನು ಚಾಕುವಿನಿಂದ ಮೀಟಿ ತೆಗೆಯಿರಿ, ಬೇವಿನೆಣ್ಣೆಗೆ ಎಂಟು ಹತ್ತು ಬಿಲ್ಲೆ ಕರ್ಪೂರ ಪುಡಿಮಾಡಿ ಹಾಕಿ ತುಂಬಿಸಿ, ಬತ್ತಿ ಸಿಕ್ಕಿಸಿ, ಸ್ವಿಚ್ ಹಾಕಿ. ದುಡ್ಡೂ ಉಳಿಯಿತು, ಕೆಮಿಕಲ್ಲೂ ಇಲ್ಲ. ಮಾಡಿದ ಮನೆಯಲ್ಲಿ ನಾಲ್ಕನೇ ರಾತ್ರಿ ಏನಾಗುತ್ತದೆ ಎನ್ನುವುದನ್ನು ಮಾತ್ರ ಯಾವ ವಿಡಿಯೋದವರೂ ತೋರಿಸುವುದಿಲ್ಲ.

ಮೊದಲೆರಡು ರಾತ್ರಿ ಸೊಳ್ಳೆ ಕಡಿಮೆಯಾದ ಹಾಗೇ ಕಾಣುತ್ತದೆ. ಮೋಸ ಇರುವುದೇ ಇಲ್ಲಿ. ಹಳೇ ಬತ್ತಿ ಹೀರಿಕೊಂಡಿದ್ದ ಕಂಪನಿ ಔಷಧಿ ಇನ್ನೂ ಒಂದಿಷ್ಟು ಉಳಿದಿರುತ್ತದೆ. ಬಹುಪಾಲು ಕೆಲಸ ಮಾಡಿದ್ದು ಅದು, ಹೊಗಳಿಸಿಕೊಂಡಿದ್ದು ಬೇವು. ಆಮೇಲೆ ಒಗ್ಗರಣೆ ಸೀದ ಹಾಗೆ ಘಾಟು ಶುರುವಾಗುತ್ತದೆ. ಬಾಟಲಿ ಬಿಚ್ಚಿ ನೋಡಿದರೆ ಬತ್ತಿಯ ತುದಿ ಕಪ್ಪಗೆ, ಹಳೇ ಬಾಣಲೆಯ ಕಂಠಕ್ಕೆ ಹಿಡಿದ ಜಿಡ್ಡಿನಂತೆ ಅಂಟಂಟಾಗಿರುತ್ತದೆ. ತಣ್ಣಗಿರುವ ಬಾಟಲಿಯ ಕುತ್ತಿಗೆಗೆ ಸಕ್ಕರೆ ಉದುರಿದ ಹಾಗೆ ಬಿಳೀ ಹರಳು. ಅದು ಆವಿಯಾಗಿ ಮತ್ತೆ ಗಟ್ಟಿಯಾದ ಕರ್ಪೂರ. ಬತ್ತಿ ಸಡಿಲವಾಗಿ ಕೂತಿದ್ದರೆ ಎಣ್ಣೆ ಜಿನುಗಿ ಹೀಟರಿನ ಒಳಗೂ ಇಳಿದಿರುತ್ತದೆ. ಅದೂ ಕರೆಂಟ್ ಇರುವ ಜಾಗಕ್ಕೆ.

ಕಾರಣ ಸರಳ. ಅಂಗಡಿಯ ಬಾಟಲಿಯಲ್ಲಿ ಟ್ರಾನ್ಸ್‌ಫ್ಲುಥ್ರಿನ್ ಎಂಬ ಸೊಳ್ಳೆ ಔಷಧಿ ಇರುವುದು ಶೇ. 0.88 ಅಥವಾ 1.6ರಷ್ಟು ಮಾತ್ರ. ಉಳಿದದ್ದೆಲ್ಲ ಹೆಚ್ಚೂಕಡಿಮೆ ತೆಳ್ಳನೆಯ, ಸೀಮೆಎಣ್ಣೆ ಜಾತಿಯ ದ್ರಾವಕ. ಅದು ಬತ್ತಿಯ ಸಣ್ಣ ರಂಧ್ರಗಳಲ್ಲಿ ಏರಿ, ನೂರು ಡಿಗ್ರಿ ದಾಟಿದ ಬಿಸಿಗೆ ಏನೂ ಉಳಿಸದೆ ಆವಿಯಾಗುತ್ತದೆ. ಬೇವಿನೆಣ್ಣೆ ಹಾಗಲ್ಲ. ಅದು ಅಡುಗೆ ಎಣ್ಣೆಯಂತೆ ಮಂದ. ಆ ಬಿಸಿಗೆ ಆವಿಯಾಗದೆ ಬತ್ತಿಯ ತುದಿಯಲ್ಲೇ ಕಾಯ್ದು ಅಂಟಾಗಿ ರಂಧ್ರ ಮುಚ್ಚುತ್ತದೆ. ಚಳಿಗಾಲದಲ್ಲಂತೂ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ.

ಏರದ ಎಣ್ಣೆಯನ್ನು ತೆಳುಮಾಡಲು ಟರ್ಪಂಟೈನ್ ಬೆರೆಸಿ ಎನ್ನುವವರೂ ಇದ್ದಾರೆ. ಇದು ಇನ್ನೂ ಕೆಟ್ಟದ್ದು. ಟರ್ಪಂಟೈನಿನ ಆವಿಗೆ ಕಿಡಿ ತಗುಲಿದರೆ ಸುಮಾರು 35 ಡಿಗ್ರಿಯಲ್ಲೇ ಬೆಂಕಿ ಹಿಡಿಯಬಹುದು. ಅದನ್ನು ಹೀಟರಿನ ಮೇಲೆ, ಕರ್ಟನ್ ಪಕ್ಕ, ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಇಡುವುದೇ?

ಬೆಂಕಿಗಿಂತ ಹೆಚ್ಚಾಗಿ ಹೆದರಬೇಕಾದದ್ದು ಕರ್ಪೂರಕ್ಕೆ. ಪೂಜೆಯದು, ದೇವರದು ಎಂದು ನಾವು ಅದನ್ನು ಹಗುರವಾಗಿ ನೋಡುತ್ತೇವೆ. ಒಂದು ಗ್ರಾಂನಷ್ಟು ಕರ್ಪೂರ ಹೊಟ್ಟೆಗೆ ಹೋಗಿ ಎಳೆ ಮಕ್ಕಳು ಸತ್ತಿದ್ದಿದೆ. 45 ಎಂಎಲ್ ಬಾಟಲಿಯಲ್ಲಿ ಐದು ಗ್ರಾಂ ಕರ್ಪೂರ ಕರಗಿಸಿದ್ದರೆ ಒಂದು ಟೀ ಚಮಚದಲ್ಲಿ ಅರ್ಧ ಗ್ರಾಂ ಇರುತ್ತದೆ. ಹತ್ತು ಕೆಜಿ ತೂಕದ ಮಗುವಿಗೆ ಫಿಟ್ಸ್ ಬರಲು ಅಷ್ಟು ಸಾಕು. ಒಮ್ಮೆ ಮೀಟಿ ತೆಗೆದ ಬತ್ತಿ ಮೊದಲಿನಷ್ಟು ಬಿಗಿಯಾಗಿ ಕೂರುವುದಿಲ್ಲ, ಅಂಬೆಗಾಲಿಡುವ ಮಗುವಿನ ಕೈಗೇ ಕಿತ್ತುಬರುತ್ತದೆ. ಬೇವಿನೆಣ್ಣೆಯೂ ಸಾಧು ಅಲ್ಲ, ಶಿಶುಗಳಿಗೆ ಕುಡಿಸಿದಾಗ ಮಿದುಳು, ಲಿವರ್ ಎರಡಕ್ಕೂ ಪೆಟ್ಟಾದ ಪ್ರಕರಣಗಳಿವೆ. ಮಗು ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಕರ್ಪೂರದ ಫಿಟ್ಸ್ ಕೆಲವೇ ನಿಮಿಷದಲ್ಲಿ, ಮುನ್ಸೂಚನೆಯಿಲ್ಲದೆ ಬರಬಹುದು. ಆಟವಾಡುತ್ತಿದೆಯಲ್ಲ ಎಂದು ಕಾಯದೆ ಬಾಟಲಿ ಸಮೇತ ಆಸ್ಪತ್ರೆಗೆ ಹೊರಡಿ.

ಈಗಾಗಲೇ ತುಂಬಿಸಿಟ್ಟಿದ್ದರೆ ಗೋಡೆಯ ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಮೆಷಿನ್ ಕಿತ್ತು, ಬಾಟಲಿಯ ಜೊತೆ ಅದನ್ನೂ ಎಸೆಯಿರಿ. ಎಣ್ಣೆ ಕುಡಿದ ಹೀಟರ್ ಹೊಸ ಬಾಟಲಿ ಹಾಕಿದರೂ ಹೊಗೆಯಾಡುತ್ತದೆ.

ಮನೆಯಲ್ಲೇ ಏನಾದರೂ ಮಾಡಬೇಕು ಎನ್ನುವ ದೊಡ್ಡವರು ಮೈಗೆ ಹಚ್ಚುವ ಎಣ್ಣೆ ಮಾಡಿಕೊಳ್ಳಬಹುದು: 100 ಎಂಎಲ್ ಕೊಬ್ಬರಿ ಎಣ್ಣೆಗೆ 2 ಎಂಎಲ್ ಸಿಟ್ರೊನೆಲ್ಲಾ (ನಿಂಬೆ ಪರಿಮಳದ ಒಂದು ಹುಲ್ಲು) ಎಣ್ಣೆ. ಹನಿ ಎಣಿಸಬೇಡಿ, ಬಾಟಲಿಯಿಂದ ಬಾಟಲಿಗೆ ಹನಿಯ ಗಾತ್ರ ಬೇರೆ. ಮೆಡಿಕಲ್ ಶಾಪಿನ ಸೂಜಿಯಿಲ್ಲದ 2 ಎಂಎಲ್ ಸಿರಿಂಜಿನಲ್ಲಿ ಅಳೆಯಿರಿ. ಮಜ್ಜಿಗೆ ಹುಲ್ಲಿನ ಎಣ್ಣೆಯಾದರೆ 0.7 ಎಂಎಲ್ ಮೀರಬಾರದು, ಅದು ಚರ್ಮಕ್ಕೆ ಖಾರ. ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಬಾಟಲಿ ತೆರೆದು ವರ್ಷವಾದ ಎಣ್ಣೆ ಬೇಡ, ಗಾಳಿ ತಾಗಿ ಹಳತಾದಷ್ಟೂ ಅಲರ್ಜಿ ಜಾಸ್ತಿ. ನೀರಿಗೆ ಬೆರೆಸಿ ಸ್ಪ್ರೇ ಮಾಡುವುದೂ ಬೇಡ: ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲುತ್ತದೆ, ಕೊನೆಯ ನಾಲ್ಕು ಸ್ಪ್ರೇಯಲ್ಲಿ ಚರ್ಮಕ್ಕೆ ಬೀಳುವುದು ಅಪ್ಪಟ ಎಣ್ಣೆ, ಉರಿ, ಬೊಬ್ಬೆ.

ಇಷ್ಟು ಮಾಡಿದರೂ ಸಿಗುವ ರಕ್ಷಣೆ ಅಲ್ಪ. 2002ರಲ್ಲಿ ಅಮೆರಿಕದಲ್ಲಿ ಹೋಲಿಸಿ ನೋಡಿದಾಗ ಸಿಟ್ರೊನೆಲ್ಲಾದ ತಯಾರಿಕೆಗಳು ಇಪ್ಪತ್ತು ನಿಮಿಷವೂ ತಡೆಯಲಿಲ್ಲ, ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಶೇ. 23.8 ಇದ್ದದ್ದು ಐದು ಗಂಟೆ ತಡೆಯಿತು. ಸಂಜೆ ಸ್ವಲ್ಪ ಹೊತ್ತು ಜಗುಲಿಯಲ್ಲಿ ಕೂರಲು ಮನೆಯ ಎಣ್ಣೆ ಸಾಕು, ಡೆಂಗಿ ಹಬ್ಬಿದ ಬೀದಿಯಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹಾಗಾಗಿ ಕೂಸು ಮಧ್ಯಾಹ್ನ ಮಲಗುವ ತೊಟ್ಟಿಲಿಗೂ ಪರದೆ ಕಟ್ಟಿ.