ಕೊಪ್ಪಳದಲ್ಲಿ ಲಾಡ್ಜ್ ಹಿಡಿಯುವ ನಡಿಗೆಯವರೇ, ಆಧಾರ್ ಕಾರ್ಡ್ ಕೌಂಟರಿನಲ್ಲಿ ಬಿಡಬೇಡಿ

ಲಕ್ಕುಂಡಿಯಿಂದ ಇಟಗಿ, ಕೊಪ್ಪಳ, ಹುಲಿಗಿ ಮೇಲೆ ಆನೆಗೊಂದಿಗೆ ಬ್ಯಾಗ್ ಹೊತ್ತು ನಡೆದು ಹೋಗಬೇಕು ಅಂತ ಯಾರಾದರೂ ಅಂದುಕೊಂಡಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ದಾರಿ ಚೆನ್ನಾಗಿದೆ. ಜನ ಚೆನ್ನಾಗಿದ್ದಾರೆ. ನಮಗೆ ಟೋಪಿ ಬಿದ್ದದ್ದು ದಾರಿಯಲ್ಲಿ ಅಲ್ಲ, ಸುಸ್ತು ಆರಿಸಿಕೊಳ್ಳೋಣ ಅಂತ ಊರೊಳಗೆ ನಿಂತಾಗ. ಕೊಪ್ಪಳ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಲಾಡ್ಜಿನಲ್ಲಿ.

ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಅವರು ಹೇಗೆ ಆಟ ಆಡಿದರು ಅಂತ ಗೊತ್ತಾದರೆ ಸಾಕು, ಯಾವ ಊರಲ್ಲಾದರೂ ಗುರುತು ಹಿಡಿಯುತ್ತೀರಿ.

ನಾನು ಬಳ್ಳಾರಿಯವಳು, ನಮ್ಮ ಮನೆಯವರು ಸಿಂಧನೂರಿನವರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನಾವೇನು ದೂರದ ಊರಿನವರಲ್ಲ, ಇದೇ ಸೀಮೆಯವರು. ಇಬ್ಬರಿಗೂ ನಡೆಯುವ ಹುಚ್ಚು. ಹೆದ್ದಾರಿ ಬಿಟ್ಟು ಎರೆಹೊಲದ ದಾರಿ ಹಿಡಿದು, ಇಟಗಿಯ ಮಹಾದೇವ ಗುಡಿ ನೋಡಿಕೊಂಡು ಬಂದೆವು. 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿ ಕೂತರೆ ಏಳುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬಟ್ಟೆ ಎಲ್ಲಾ ಬೆವರು, ಧೂಳು. ಕೊಪ್ಪಳದಲ್ಲಿ ಒಂದು ದಿನ ನಿಂತು ಕಾಲಿಗೆ ಆರಾಮ ಕೊಟ್ಟು, ಬಟ್ಟೆ ಒಗೆದು, ಗವಿಮಠ ನೋಡಿ, ಅಶೋಕನ ಶಾಸನ ಇರುವ ಪಾಲ್ಕಿಗುಂಡು ಹತ್ತಿ ಮುಂದೆ ಹೋಗೋಣ ಅಂತ ಲೆಕ್ಕ.

ದಾರಿಯಿಂದಲೇ ಫೋನ್ ಮಾಡಿದೆ. "ದಿನಕ್ಕ ಒಂಬೈನೂರು ರೀ ಅಕ್ಕಾರ, ಬಿಸಿನೀರು ಐತಿ, ಇಪ್ಪತ್ನಾಲ್ಕು ತಾಸಿನ ಲೆಕ್ಕ" ಅಂದ. ಮತ್ತೊಮ್ಮೆ ಕೇಳಿದೆ, ಇಪ್ಪತ್ನಾಲ್ಕು ಗಂಟೆ ತಾನೇ? "ಹೂಂ ರೀ." ಅಡ್ವಾನ್ಸ್ ಒಂಬೈನೂರು ಫೋನ್‌ಪೇ ಮಾಡಿದೆವು. ಹಣ ಹೋಗಿದ್ದು ಲಾಡ್ಜಿನ ಹೆಸರಿಗಲ್ಲ, ಯಾವುದೋ ವ್ಯಕ್ತಿಯ ಹೆಸರಿಗೆ. ಸಣ್ಣ ಊರುಗಳಲ್ಲಿ ಇದು ಮಾಮೂಲಿ, ಅಲ್ವಾ?

ಸಂಜೆ ಐದೂವರೆಗೆ ಮುಟ್ಟಿದೆವು. ಕೌಂಟರ್ ಹಿಂದೆ ದೊಡ್ಡ ಬೋರ್ಡು, ಕೆಂಪು ಅಕ್ಷರದಲ್ಲಿ "24 ಗಂಟೆ ಚೆಕ್‌ಔಟ್". ಆಧಾರ್ ಝೆರಾಕ್ಸ್ ಕೊಡಲು ಹೋದರೆ "ಒರಿಜಿನಲ್ ಕೊಡ್ರಿ, ಪುಸ್ತಕದಾಗ ಬರಕೊಂಡು ಕೊಡ್ತೀನಿ" ಅಂದ. ಕೊಟ್ಟೆವು. ವಾಪಸ್ ಕೊಡಲಿಲ್ಲ. ರಾತ್ರಿ ಕೇಳಿದರೆ "ಮ್ಯಾನೇಜರ್ ಡ್ರಾದಾಗ ಐತ್ರಿ, ಮುಂಜಾನಿ ಕೊಡ್ತಾರ". ಮುಂಜಾನೆ ಕೇಳಿದರೆ "ಹೋಗುವಾಗ ಕೊಡ್ತೀವಲ್ರೀ, ಎಲ್ಲಿ ಹೋಕ್ಕೈತಿ". ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಈ ಡ್ರಾದಿಂದಲೇ ಆಗಿದ್ದು.

ರೂಮಿನ ಬಗ್ಗೆ ಜಾಸ್ತಿ ಹೇಳಲ್ಲ. ಬಿಸಿನೀರು ಉಗುರುಬೆಚ್ಚಗೆ ಇತ್ತು, ಅದೂ ಮುಂಜಾನೆ ಸ್ವಲ್ಪ ಹೊತ್ತು. ಬಟ್ಟೆ ಒಗೆದು ಟೆರೇಸ್ ಮೇಲೆ ಒಣಹಾಕಿದೆ, ಹುಡುಗನೇ ಹಗ್ಗ ತೋರಿಸಿದ. ಗವಿಮಠಕ್ಕೆ ಹೋಗಿ ಬಂದೆವು, ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ತಿಂದೆವು. ಸಂಜೆ ಮಂಡಕ್ಕಿ ಮಿರ್ಚಿ. ಕಾಲಿನ ನೋವಿಗೆ ಪಾಲ್ಕಿಗುಂಡು ಹತ್ತಲಿಲ್ಲ. ಅಲ್ಲಿಯವರೆಗೆ ಎಲ್ಲಾ ಸರಿ ಇತ್ತು.

ಮರುದಿನ ಬಿಸಿಲು ಏರುವ ಮುಂಚೆ ಹೊರಡಬೇಕಿತ್ತು. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಹತ್ತು ಗಂಟೆ ಆದಮೇಲೆ ಬ್ಯಾಗ್ ಹೊತ್ತು ನಡೆಯುವುದು ಕಷ್ಟ. ಐದೂಕಾಲಕ್ಕೆ ಬ್ಯಾಗ್ ಕಟ್ಟಿಕೊಂಡು ಕೆಳಗೆ ಬಂದೆವು. ಶಟರ್ ಹಾಕಿತ್ತು. ಹುಡುಗ ಸೋಫಾ ಮೇಲೆ ಮಲಗಿದ್ದ. ಎಬ್ಬಿಸಿದೆವು. "ಕಾರ್ಡ್ ಡ್ರಾದಾಗ ಐತ್ರಿ, ಕೀಲಿ ಮ್ಯಾನೇಜರ್ ಹತ್ರ." ಫೋನ್ ಮಾಡಪ್ಪಾ ಅಂದೆ. ಮಾಡಿದ. "ಬರಾಕತ್ತಾರಂತ ರೀ." ಇನ್ನೊಮ್ಮೆ ಮಾಡಿಸಿದೆ. "ಬಂದ್ರಂತ ರೀ."

ಮ್ಯಾನೇಜರ್ ಬಂದಾಗ ಆರೂ ಇಪ್ಪತ್ತು.

ಬಂದವನು ಮೊದಲು ಗಡಿಯಾರ ನೋಡಿದ. ಆಮೇಲೆ ನಮ್ಮನ್ನು. ಆಮೇಲೆ ಕ್ಯಾಲ್ಕುಲೇಟರ್ ತೆಗೆದ. "ಆರ್ ಗಂಟಿ ಆಗೈತ್ರಿ ಅಕ್ಕಾರ. ಮೂರನೇ ದಿನ ಶುರು ಆತು."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅವರ ಲೆಕ್ಕ ಹೀಗಂತೆ. ದಿನ ಅಂದರೆ ಬೆಳಿಗ್ಗೆ ಆರರಿಂದ ಬೆಳಿಗ್ಗೆ ಆರು. ನಾವು ಬಂದ ಸಂಜೆಯಿಂದ ಮರುದಿನ ಆರಕ್ಕೆ ಒಂದು ದಿನ. ಅಲ್ಲಿಂದ ಇನ್ನೊಂದು. ಈಗ ಇಪ್ಪತ್ತು ನಿಮಿಷಕ್ಕೆ ಮೂರನೆಯದು. ಆ ಇಪ್ಪತ್ತು ನಿಮಿಷ ಆಗಿದ್ದು ಯಾರಿಂದ? ಕೀಲಿ ಯಾರ ಜೇಬಿನಲ್ಲಿತ್ತು? ಐದೂಕಾಲಿಂದ ಅವನ ಸೋಫಾ ಮುಂದೆ ಬ್ಯಾಗ್ ಹೊತ್ತು ನಿಂತಿದ್ದವರು ಯಾರು?

ಬೋರ್ಡು ತೋರಿಸಿದೆ. "ಅದು ಹಳೇ ಬೋರ್ಡ್ ರೀ." ಫೋನಿನಲ್ಲಿ ಹೇಳಿದಿರಲ್ಲ? "ಆ ಹುಡುಗ ಹೊಸಬ." ಒಂಬೈನೂರು ಅಂದಿದ್ದು ಸಾವಿರದ ನೂರು ಯಾಕಾಯಿತು? "ಜಾತ್ರಿ ರೇಟ್." ಗವಿಸಿದ್ದೇಶ್ವರ ಜಾತ್ರೆ ಜನವರಿಯಲ್ಲಿ ಮುಗಿದು ತೇರು ಮನೆ ಸೇರಿ ಎಷ್ಟೋ ದಿನ ಆಗಿತ್ತು! ಅದನ್ನೇ ಹೇಳಿದೆ. "ರೇಟ್ ಇನ್ನಾ ಇಳಿಸಿಲ್ರೀ" ಅಂದ. ಪ್ರತಿಯೊಂದಕ್ಕೂ ಉತ್ತರ ರೆಡಿ. ಈ ಪಾಠ ಒಪ್ಪಿಸಿದ್ದು ನಮ್ಮ ಮುಂದೆಯೇ ಮೊದಲಲ್ಲ ಅಂತ ಆಗ ಗೊತ್ತಾಯಿತು.

ಬಿಲ್ ಕೇಳಿ. ಮೂರು ದಿನಕ್ಕೆ 3,300. ಅದರ ಮೇಲೆ ಜಿಎಸ್‌ಟಿ ಅಂತ ಶೇ 18, ಅಂದರೆ 594. ಟೆರೇಸ್ ಮೇಲೆ ಬಟ್ಟೆ ಒಣಗಿಸಿದ್ದಕ್ಕೆ 150. ಹೌದು, ಬಿಸಿಲಿಗೂ ಬಾಡಿಗೆ. ಒಟ್ಟು 4,044. ನಾವು ಕೊಡಬೇಕಿದ್ದದ್ದು 1,800.

ಜಿಎಸ್‌ಟಿ ನಂಬರ್ ಎಲ್ಲಿದೆ ಅಂತ ನಮ್ಮ ಮನೆಯವರು ಕೇಳಿದರು. ಬಿಲ್ ಅಂತ ಕೊಟ್ಟದ್ದು ಹೆಸರೂ ಇಲ್ಲದ, ಪ್ಯಾಡಿನಿಂದ ಹರಿದ ಚೀಟಿ. "ನಂಬರ್ ಆಡಿಟರ್ ಹತ್ರ ಐತ್ರಿ ಸರ." ನೋಡಿ, ಇದನ್ನು ಎಲ್ಲರೂ ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ಅದಕ್ಕೂ ಮುಂಚೆ ಇಂಥ ರೂಮಿಗೆ 12 ಇತ್ತು. ಸಾವಿರ ಚಿಲ್ಲರೆ ರೂಪಾಯಿಯ ರೂಮಿಗೆ 18 ಯಾವತ್ತೂ ಇರಲಿಲ್ಲ. ನೋಂದಣಿ ಮಾಡಿಸದವರು ಒಂದು ಪೈಸೆಯನ್ನೂ ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗಿಲ್ಲ. ನೋಂದಣಿ ಇದ್ದರೆ 15 ಅಂಕಿ-ಅಕ್ಷರಗಳ ನಂಬರು ಬಿಲ್ಲಿನಲ್ಲೂ ಹೊರಗಿನ ಬೋರ್ಡಿನಲ್ಲೂ ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ.

ಇಷ್ಟನ್ನೂ ನಾನು ಜೋರಾಗಿಯೇ ಹೇಳಿದೆ. ಅಷ್ಟರಲ್ಲಿ ಚಹಾ ತರಲು ಹೊರಟಿದ್ದ ಬೇರೆ ರೂಮಿನವರು ಇಬ್ಬರು ನಿಂತು ನೋಡುತ್ತಿದ್ದರು. ಮ್ಯಾನೇಜರ್ ಡ್ರಾ ತೆಗೆದು ನಮ್ಮ ಕಾರ್ಡ್ ಎರಡನ್ನೂ ಕೈಯಲ್ಲಿ ಹಿಡಿದು, ಅವರಿಗೂ ಕೇಳುವ ಹಾಗೆ ಅಂದ. "ನಿಮ್ಮಿಬ್ಬರ ಅಡ್ರೆಸ್ ಬ್ಯಾರೆ ಬ್ಯಾರೆ ಐತಿ. ಆದರೂ ನಾವು ರೂಮ್ ಕೊಟ್ಟೀವಿ. ಅದನ್ನ ತಿಳ್ಕೋರಿ."

ಮದುವೆ ಆದಮೇಲೆ ಆಧಾರ್ ಅಡ್ರೆಸ್ ಬದಲಿಸದವರು ಎಷ್ಟು ಜನ ಇಲ್ಲ? ಆ ಮಾತಿಗೆ ನನ್ನ ಬಾಯಿ ಕಟ್ಟಿಹೋಯಿತು. ಮೈಯೆಲ್ಲಾ ಉರಿ. ಅಲ್ಲಿ ನಿಂತಿದ್ದವರು ನನ್ನ ಕೊರಳು, ಕಾಲುಂಗುರ ನೋಡುತ್ತಿದ್ದರು. ನಡೆಯುವಾಗ ಶೂ ಹಾಕಿರುತ್ತೇನೆ, ಕಾಲುಂಗುರ ಎಲ್ಲಿಂದ ಕಾಣಬೇಕು? ಅದನ್ನು ಇವರಿಗೆಲ್ಲ ತೋರಿಸಬೇಕಾ? ನಾಲ್ಕು ಸಾವಿರಕ್ಕಿಂತ ನನಗೆ ಇದೇ ಜಾಸ್ತಿ ಚುಚ್ಚಿದ್ದು. ಈಗಲೂ ಚುಚ್ಚುತ್ತಿದೆ.

ನಮ್ಮ ಮನೆಯವರು ಸಾಧು ಮನುಷ್ಯ. "ಕೊಟ್ಟು ಹೋಗೋಣ, ಬಿಸಿಲು ಏರ್ತಿದೆ" ಅಂದರು. ಅವರ ಮೇಲೂ ಸಿಟ್ಟು ಬಂತು, ಅದು ಬೇರೆ ವಿಷಯ. ಕೊನೆಗೆ ಮ್ಯಾನೇಜರ್ ಏನೋ ಉಪಕಾರ ಮಾಡುವವನ ಹಾಗೆ "ಹೋಗ್ಲಿ ಬಿಡ್ರಿ, ಅಡ್ವಾನ್ಸ್ ಕಳೆದು ಮೂರು ಸಾವಿರ ಕೊಡ್ರಿ" ಅಂದ. ಬರೀ 144 ಬಿಟ್ಟ. ಹಣ ಫೋನ್‌ಪೇ ಆದ ಶಬ್ದ ಬಂದ ಮೇಲೇ ಕಾರ್ಡ್ ಕೈಗೆ ಬಂದದ್ದು.

ಅಲ್ಲಿಂದ ಹೊರಟಾಗ ಎಂಟು ಗಂಟೆ. ಆ ದಿನದ ನಡಿಗೆ ಹಾಳು. ಹುಲಿಗಿ ದಾರಿಯಲ್ಲಿ ಮಧ್ಯಾಹ್ನ ಎಲ್ಲಾ ಬೇವಿನ ಮರದ ಕೆಳಗೆ ಕೂತು ಆ ಮಾತನ್ನೇ ತಿರುಗಿಸಿ ತಿರುಗಿಸಿ ಆಡಿದೆವು.

ಬೋರ್ಡಿನ ಫೋಟೋ ತೆಗೆದಿದ್ದೆ, ಚೀಟಿ ಇಟ್ಟುಕೊಂಡಿದ್ದೆ, ಫೋನ್‌ಪೇ ಲೆಕ್ಕ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ನೀವೂ ಮಾಡಿ, ಸುಮ್ನೆ ಬಿಡಬೇಡಿ. ಒರಿಜಿನಲ್ ಕಾರ್ಡ್ ತೋರಿಸಿ, ಬರೆದುಕೊಳ್ಳುವವರೆಗೆ ಅಲ್ಲೇ ನಿಂತು ವಾಪಸ್ ಇಸಿದುಕೊಳ್ಳಿ. ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿ, ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದರ ಝೆರಾಕ್ಸ್ ಕೊಟ್ಟರೆ ಸಾಕು. ರೇಟು, ಚೆಕ್‌ಔಟ್ ಗಂಟೆ ಎರಡನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನಸುಕಿನಲ್ಲಿ ಹೊರಡುವವರು ಹಿಂದಿನ ರಾತ್ರಿಯೇ ಲೆಕ್ಕ ಮುಗಿಸಿಬಿಡಿ. ರಾತ್ರಿ ಲೆಕ್ಕ ಮಾಡಲ್ಲ ಅಂದರೆ ಅಲ್ಲೇ ಜಗಳ ತೆಗೆಯಿರಿ, ಬೆಳಿಗ್ಗೆವರೆಗೆ ಕಾಯಬೇಡಿ.

ದೂರು ಕೊಟ್ಟ ಮೇಲೆ ಆ ಮ್ಯಾನೇಜರ್ ಒಮ್ಮೆ ಫೋನ್ ಮಾಡಿದ್ದ. "ಅಕ್ಕಾರ, ಇಷ್ಟ್ ಸಣ್ಣ ವಿಷಯಕ್ಕ ಯಾಕ್ರಿ? ಮುಂದಿನ ಸಲ ಬರ್ರಿ, ಡಿಸ್ಕೌಂಟ್ ಮಾಡಿ ಕೊಡ್ತೀವಿ." ದುಡ್ಡು ವಾಪಸ್ ಕೊಡುವ ಮಾತು ಎತ್ತಲಿಲ್ಲ. ಕೇಳಿದ್ದಕ್ಕೆ ಕಟ್ ಮಾಡಿದ.