ನೆಟ್‌ವರ್ಕ್ ಕೈಪಿಡಿಯ ಕರಡು ತಿದ್ದಲು ಯಾವುದು ವಾಸಿ: ವರ್ಡ್, ಪಿಡಿಎಫ್, ಇಲ್ಲ ಗಿಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಟೆಕ್ಸ್ಟ್ ಫೈಲಿಗೆ ಮತ್ತು ಫೈಲಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ಗೆ. ಹಾಸನ, ಬೇಲೂರು, ಸಕಲೇಶಪುರ ಕಡೆಯ ಶಾಲಾ ಕಂಪ್ಯೂಟರ್ ಲ್ಯಾಬು, ಸೊಸೈಟಿ, ತೋಟದ ಆಫೀಸುಗಳಲ್ಲಿ ಲಿನಕ್ಸ್ ಯಂತ್ರಕ್ಕೆ ನೆಟ್ ಹೊಂದಿಸುವವರಿಗೆಂದು ಬರೆದ ಕನ್ನಡ ಕೈಪಿಡಿಯನ್ನು ಮೂರೂ ದಾರಿಯಲ್ಲಿ ತಿದ್ದಿ ನೋಡಿಯಾಗಿದೆ. ಅದರ ತುಂಬ ಇರುವುದು ಲಿನಕ್ಸ್‌ನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ಗೆ ಕೊಡುವ ಎನ್‌ಎಂಸಿಎಲ್‌ಐ (nmcli) ಕಮಾಂಡುಗಳು ಮತ್ತು ನೆಟ್‌ಪ್ಲಾನ್ ಎಂಬ ಇನ್ನೊಂದು ಸಾಧನ ಓದುವ ಯಾಮಲ್ (YAML) ಸೆಟ್ಟಿಂಗ್ ಫೈಲುಗಳು. ಬೇರೆ ಪುಸ್ತಕದಲ್ಲಿ ಒಂದು ಕೊಂಬು ಬಿಟ್ಟುಹೋದರೆ ಓದುಗರು ತಾವೇ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಇಲ್ಲಿ ಒಂದು ಗೀಟು ಚೂರು ಉದ್ದವಾದರೂ ಕಮಾಂಡ್ ಓಡುವುದಿಲ್ಲ.

ವರ್ಡ್ ಮತ್ತು ಲಿಬ್ರೆಆಫೀಸ್ ರೈಟರ್‌ನ ಟ್ರ್ಯಾಕ್ ಚೇಂಜಸ್ (ತಿದ್ದಿದ್ದನ್ನೆಲ್ಲ ಗುರುತು ಮಾಡಿ ತೋರಿಸುವ ಸೌಲಭ್ಯ) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬರೆದವರಿಗೂ ಗೊತ್ತು, ತಿದ್ದುವವರಿಗೂ ಗೊತ್ತು, ಪಕ್ಕದಲ್ಲಿ ಟಿಪ್ಪಣಿ ಹಾಕಬಹುದು. ವಾಕ್ಯ ತಿದ್ದಲು ಇದಕ್ಕಿಂತ ಸಲೀಸಾದದ್ದಿಲ್ಲ. ಆದರೆ ಟೈಪ್ ಮಾಡಿದ್ದನ್ನು ತಾನಾಗಿ ಬದಲಿಸುವ ಅದರ ಆಟೋಕರೆಕ್ಟ್ ಇದೆಯಲ್ಲ, ಕಮಾಂಡುಗಳ ಮಟ್ಟಿಗೆ ಅದೇ ದೊಡ್ಡ ಶತ್ರು.

ಎರಡು ಹೈಫನ್ ಒತ್ತಿ ಒಂದು ಪದ ಬರೆದು ಸ್ಪೇಸ್ ಕೊಟ್ಟರೆ ಅದು ಒಂದೇ ಉದ್ದ ಗೀಟಾಗುತ್ತದೆ. ಲಿನಕ್ಸ್ ಕಮಾಂಡಿನ ಜೊತೆ ಕೊಡುವ ಪೂರ್ಣ ಪದದ ಆಯ್ಕೆಗಳು ಸಾಮಾನ್ಯವಾಗಿ ಶುರುವಾಗುವುದೇ ಎರಡು ಹೈಫನ್‌ನಿಂದ. ಉದ್ದ ಗೀಟು ಬಂದ ಕೂಡಲೇ ಎನ್‌ಎಂಸಿಎಲ್‌ಐಗೆ ಅದು ಆಯ್ಕೆಯೇ ಅಲ್ಲ, ಯಾವುದೋ ಗುರುತಿಲ್ಲದ ಪದ. ಉದ್ಧರಣ ಚಿಹ್ನೆಯ ಕಾಟ ಇನ್ನೂ ಹೆಚ್ಚು. ನೆಟ್‌ವರ್ಕ್‌ಮ್ಯಾನೇಜರ್ ತಾನಾಗಿ ಕೊಡುವ ಸಂಪರ್ಕದ ಹೆಸರು ‘ವೈರ್ಡ್ ಕನೆಕ್ಷನ್ 1’. ಅದರಲ್ಲಿ ಎರಡು ಕಡೆ ಖಾಲಿ ಜಾಗ ಇರುವುದರಿಂದ ನೇರ ಉದ್ಧರಣ ಚಿಹ್ನೆಯೊಳಗೆ ಬರೆಯಲೇಬೇಕು. ಆಟೋಕರೆಕ್ಟ್ ಅದನ್ನು ಬಾಗಿದ ಚಿಹ್ನೆ ಮಾಡಿದರೆ ಕಮಾಂಡ್ ಓದಿ ಓಡಿಸುವ ಬ್ಯಾಷ್ ಅದನ್ನು ಉದ್ಧರಣ ಎಂದೇ ಎಣಿಸುವುದಿಲ್ಲ. ಹೆಸರು ಮೂರು ತುಂಡಾಗಿ, ಬಾಗಿದ ಚಿಹ್ನೆ ಅಂಟಿಕೊಂಡ ಮೊದಲ ತುಂಡನ್ನೇ ಪೂರ್ತಿ ಹೆಸರು ಅಂದುಕೊಂಡು, ಅಂಥ ಸಂಪರ್ಕ ಇಲ್ಲ ಎಂದು ಎನ್‌ಎಂಸಿಎಲ್‌ಐ ಹೇಳುತ್ತದೆ. ಓದುಗರು ಪುಸ್ತಕ ನೋಡುತ್ತಾರೆ, ಪರದೆ ನೋಡುತ್ತಾರೆ, ಎರಡೂ ಒಂದೇ ಥರ ಕಾಣುತ್ತವೆ. ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಟ್ರ್ಯಾಕ್ ಚೇಂಜಸ್ ಇದನ್ನು ಹಿಡಿದುಕೊಡುವುದಿಲ್ಲ. ಬದಲಾವಣೆ ಆಗುವುದು ಟೈಪ್ ಮಾಡುತ್ತಿರುವಾಗಲೇ. ನೀವು ಸೇರಿಸಿದ ಪದದೊಳಗೇ ಅದು ಅಡಗಿ ಕೂರುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ವಾಕ್ಯದ ಮೊದಲ ಅಕ್ಷರ ತಾನೇ ದೊಡ್ಡಕ್ಷರವಾಗುವ ಕಾಟವೂ ಉಂಟು, ಲಿನಕ್ಸ್‌ಗೆ ಅದು ಬೇರೆಯೇ ಕಮಾಂಡ್. ಜೊತೆಗೆ ಅದಕ್ಕೆ ನೆಟ್ ಬೇಕು. ಆಫ್‌ಲೈನ್ ವ್ಯವಸ್ಥೆ ಇದ್ದರೂ ಮುಂಚೆಯೇ ಹಾಕಿಟ್ಟುಕೊಂಡಿರಬೇಕು. ಮಳೆಗಾಲದಲ್ಲಿ ಸಕಲೇಶಪುರದಾಚೆ ಲೈನು ಹೋದಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಣ್ಣಿಗೆ ಕಾಣದ ಕಂಟಕ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಆಗದಿರಲಿ ಎಂದು ನಡುವೆ ಹಾಕುವ ಶೂನ್ಯ ಅಗಲದ ಅಕ್ಷರ, ಯೂನಿಕೋಡ್‌ನಲ್ಲಿ 200ಸಿ. ಇಂಗ್ಲಿಷ್ ಲಿಪಿಯ ಕಮಾಂಡಿಗೇ ‘ನಿಂದ’, ‘ನಲ್ಲಿ’ ಎಂದು ವಿಭಕ್ತಿ ಅಂಟಿಸಿದರೆ ಈ ಅಕ್ಷರ ಕಮಾಂಡಿನ ಬಾಲಕ್ಕೆ ಸೇರಿಕೊಳ್ಳುವುದುಂಟು. ಅದನ್ನು ಕಾಪಿ ಮಾಡಿ ಟರ್ಮಿನಲ್‌ಗೆ (ಕಮಾಂಡ್ ಬರೆಯುವ ಕಿಟಕಿಗೆ) ಹಾಕಿದರೆ ‘ಇಂಥ ಕಮಾಂಡ್ ಇಲ್ಲ’ ಎಂಬ ಉತ್ತರ. ಅದಕ್ಕೇ ನಮ್ಮ ನಿಯಮ: ಕಮಾಂಡ್ ಪ್ರತ್ಯೇಕ ಸಾಲಿನಲ್ಲಿ, ಪ್ರತ್ಯೇಕ ಡಬ್ಬಿಯಲ್ಲಿ. ವಿಭಕ್ತಿ ಸೇರಿಸುವುದು ‘ಕಮಾಂಡ್’ ಎಂಬ ಪದಕ್ಕೆ ಮಾತ್ರ.

ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ತೋರಿಸುವ ಹಳೆಯ ನುಡಿ ಫಾಂಟಿನ ಕರಡು ಬಂದರೆ ಯೂನಿಕೋಡ್‌ಗೆ ಬದಲಿಸುವ ಮೊದಲೇ ಕಮಾಂಡುಗಳನ್ನು ಬೇರೆ ಫೈಲಿಗೆ ತೆಗೆದಿಡಿ. ಫಾಂಟ್ ನೋಡದೆ ಅಕ್ಷರ ಮಾತ್ರ ನೋಡುವ ಪರಿವರ್ತಕ ಇಂಗ್ಲಿಷ್ ಕಮಾಂಡನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ.

ಪಿಡಿಎಫ್ ಮೇಲೆ ಟಿಪ್ಪಣಿ ಹಾಕುವುದು ಕೊನೆಯ ಸುತ್ತಿಗೆ ಚೆನ್ನ. ಪುಟಸಂಖ್ಯೆ, ಚಿತ್ರದ ಕೆಳಗಿನ ಬರಹ, ‘ಪುಟ ಇಷ್ಟು ನೋಡಿ’ ಎಂಬ ಸೂಚನೆ ಸರಿಯಿದೆಯೇ ಎಂದು ಇಲ್ಲೇ ಗೊತ್ತಾಗುವುದು. ಉದ್ದದ ಕಮಾಂಡ್ ಎ4 ಹಾಳೆಯಲ್ಲಿ ಎಲ್ಲಿ ಮುರಿಯುತ್ತದೆ ಎಂಬುದೂ ಕಾಣುತ್ತದೆ. ಮುರಿಯುವ ಜಾಗದಲ್ಲಿ ಹಿಂದಕ್ಕೆ ವಾಲಿದ ಗೀಟು (\) ಹಾಕಿ ಮುಂದಿನ ಸಾಲಿಗೆ ಇಳಿಸಬೇಕು. ಅದರ ನಂತರ ಖಾಲಿ ಜಾಗ ಉಳಿಯಕೂಡದು, ಉಳಿದರೆ ಸಾಲು ಕೂಡಿಕೊಳ್ಳುವುದಿಲ್ಲ. ಆದರೆ ಪಿಡಿಎಫ್‌ನಲ್ಲಿ ಗುರುತು ಮಾಡಿದ ಪ್ರತಿ ತಿದ್ದುಪಡಿಯನ್ನು ಮೂಲ ಕಡತದಲ್ಲಿ ಇನ್ನೊಬ್ಬರು ಮತ್ತೆ ಟೈಪ್ ಮಾಡಬೇಕು, ಹೊಸ ತಪ್ಪು ನುಸುಳುವುದು ಅಲ್ಲೇ. ಯಾಮಲ್ ಭಾಗವನ್ನು ಪಿಡಿಎಫ್‌ನಿಂದ ಕಾಪಿ ಮಾಡಿದರೆ ಸಾಲಿನ ಮುಂದಿನ ಖಾಲಿ ಜಾಗ ಹೋಗಿಬಿಡುವುದೂ ಉಂಟು. ನೆಟ್‌ಪ್ಲಾನ್‌ಗೆ ಆ ಖಾಲಿ ಜಾಗವೇ ವ್ಯಾಕರಣ. ಅಲ್ಲಿ ಟ್ಯಾಬ್ ಕೂಡ ನಡೆಯುವುದಿಲ್ಲ, ಸ್ಪೇಸೇ ಆಗಬೇಕು.

ಇನ್ನು ಗಿಟ್. ಮಾರ್ಕ್‌ಡೌನ್ ಫೈಲಿನಲ್ಲಿ (ಶೀರ್ಷಿಕೆ, ಪಟ್ಟಿಗಳಿಗೆ ಸರಳ ಚಿಹ್ನೆ ಬಳಸುವ ಟೆಕ್ಸ್ಟ್ ಫೈಲು) ಒಂದು ಸಾಲಿಗೆ ಒಂದೇ ವಾಕ್ಯ ಬರೆಯಿರಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಬದಲಾದ ವಾಕ್ಯ ಮಾತ್ರ ಕಾಣುತ್ತದೆ, ವರ್ಡ್‌ಡಿಫ್ ಆಯ್ಕೆ ಕೊಟ್ಟರೆ ಬದಲಾದ ಪದ ಮಾತ್ರ. ಯಾರಾದರೂ ವರ್ಡ್‌ನಲ್ಲಿ ತೆರೆದು ಉಳಿಸಿ ಗೀಟು ಬದಲಾಯಿಸಿಬಿಟ್ಟರೆ, ಕಣ್ಣಿಗೆ ಎರಡೂ ಒಂದೇ ಕಂಡರೂ ಆ ಸಾಲು ಡಿಫ್‌ನಲ್ಲಿ ಎದ್ದು ನಿಲ್ಲುತ್ತದೆ. ಕನ್ನಡ ಹೆಸರಿನ ಫೈಲುಗಳು ಅಂಕಿಗಳ ರಾಶಿಯಂತೆ ಕಂಡರೆ ಗಿಟ್‌ನ ಕೋರ್ ಕೋಟ್‌ಪಾತ್ (core.quotePath) ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿ.

ಇದರ ಮೇಲೆ ಎರಡು ಜಾಲರಿ. ಒಂದು ವೇಲ್ (Vale), ಬರಹ ಪರೀಕ್ಷಿಸುವ ಸಾಧನ. ಪದಬಳಕೆಯ ನಿಯಮಗಳನ್ನು ಬರೆದುಕೊಟ್ಟರೆ ಎಲ್ಲಿ ‘ಎಥರ್ನೆಟ್’, ಎಲ್ಲಿ ‘ಈಥರ್ನೆಟ್’ ಎಂದು ಹುಡುಕಿ ತೋರಿಸುತ್ತದೆ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುವುದರಿಂದ ನಿಯಮದಲ್ಲಿ ನಾನ್‌ವರ್ಡ್ ಎಂಬುದನ್ನು ಟ್ರೂ ಮಾಡಬೇಕು, ಇಲ್ಲವಾದರೆ ‘ಎಥರ್ನೆಟ್ಟಿಗೆ’ ಅದರ ಕಣ್ಣಿಗೆ ಬೀಳುವುದಿಲ್ಲ. ವೇಲ್ ಕೋಡ್ ಡಬ್ಬಿಯೊಳಗೆ ಇಣುಕುವುದಿಲ್ಲ, ಹಾಗಾಗಿ ಎರಡನೆಯ ಜಾಲರಿ ಫೈಲಿನಲ್ಲಿ ಅಕ್ಷರ ಹುಡುಕುವ ಗ್ರೆಪ್. ಕೋಡ್ ಡಬ್ಬಿಗಳನ್ನಷ್ಟೇ ಬೇರೆ ತೆಗೆದು, ಆಸ್ಕಿ (ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಲ್ಲದ ಯಾವುದೇ ಅಕ್ಷರ ಇದ್ದರೆ ಸಾಲಿನ ಸಂಖ್ಯೆ ಕೊಡು ಎಂದು ಕೇಳಿದರೆ ಸಾಕು. ಉದ್ದ ಗೀಟು, ಬಾಗಿದ ಚಿಹ್ನೆ, ಶೂನ್ಯ ಅಗಲದ ಅಕ್ಷರ, ಯಾರೋ ಐಪಿ ವಿಳಾಸದಲ್ಲಿ ಬರೆದ ‘೧೯೨’ ಎಲ್ಲ ಒಂದೇ ಏಟಿಗೆ ಸಿಕ್ಕಿಬೀಳುತ್ತವೆ.

ಯಾಮಲ್ ಫೈಲನ್ನು ಓಡಿಸಿಯೂ ನೋಡಬಹುದು. ಖಾಲಿ ಫೋಲ್ಡರ್ ಮಾಡಿ, ಅದರೊಳಗೆ ಇಟಿಸಿ (etc), ಅದರೊಳಗೆ ನೆಟ್‌ಪ್ಲಾನ್ ಫೋಲ್ಡರ್ ಮಾಡಿ ಫೈಲಿಡಿ. ರೂಟ್‌ಡಿರ್ (--root-dir) ಆಯ್ಕೆಯಲ್ಲಿ ಆ ಹೊರ ಫೋಲ್ಡರಿನ ಹೆಸರು ಕೊಟ್ಟು ನೆಟ್‌ಪ್ಲಾನ್ ಜನರೇಟ್ ಓಡಿಸಿದರೆ, ನಿಮ್ಮ ಯಂತ್ರದ ಸೆಟ್ಟಿಂಗ್ ಮುಟ್ಟದೆಯೇ ತಪ್ಪು ಹೇಳುತ್ತದೆ. ಹಳೆಯ ಕರಡುಗಳಲ್ಲಿ ಗೇಟ್‌ವೇ4 ಎಂಬ ಕೀಲಿ, ಅಂದರೆ ಹೊರಗಿನ ನೆಟ್‌ಗೆ ದಾರಿಯಾದ ಗೇಟ್‌ವೇಯ ವಿಳಾಸ ಬರೆಯುವ ಹೆಸರು, ಇದ್ದೇ ಇರುತ್ತದೆ. ಅದರ ಬಳಕೆ ಈಗ ಕೈಬಿಟ್ಟದ್ದು, ರೂಟ್ಸ್ ಕೆಳಗೆ ಡಿಫಾಲ್ಟ್ ಎಂದು ಬರೆಯಬೇಕು. ಓದುಗರಿಗೆ ಹೇಳುವಾಗ ನೆಟ್‌ಪ್ಲಾನ್ ಅಪ್ಲೈ ಬದಲು ಟ್ರೈ ಎಂದೇ ಹೇಳಿ. 120 ಸೆಕೆಂಡಿನೊಳಗೆ ಒಪ್ಪಿಗೆ ಕೊಡದಿದ್ದರೆ ಹಳೆಯದಕ್ಕೇ ಮರಳುತ್ತದೆ.

ಯಾವ ಸಾಧನವೂ ತಾನಾಗಿ ಹಿಡಿಯದ ತಪ್ಪು ಲೆಕ್ಕದ್ದು. ಕರಡಿನಲ್ಲಿ ವಿಳಾಸ 192.0.2.70/26, ಗೇಟ್‌ವೇ 192.0.2.1 ಎಂದಿದೆ ಎನ್ನಿ. ಕಾಗುಣಿತ ಸರಿ, ಯಾಮಲ್ ಸರಿ. ಆದರೆ /26 ಎಂದರೆ 64 ವಿಳಾಸದ ತುಂಡು. 70 ಇರುವುದು 64ರಿಂದ 127ರ ತುಂಡಿನಲ್ಲಿ, ಗೇಟ್‌ವೇ ಇರುವುದು ಅದರ ಹಿಂದಿನದರಲ್ಲಿ. ನೆಟ್ ಬರುವುದಿಲ್ಲ. ಗೇಟ್‌ವೇ (70 ಬಿಟ್ಟು) 65ರಿಂದ 126ರ ಒಳಗಿರಬೇಕು, /26 ಅನ್ನೇ ಇನ್ನೊಂದು ಬಗೆಯಲ್ಲಿ ಬರೆಯುವ ಮಾಸ್ಕ್ 255.255.255.192 ಆಗಬೇಕು. ಈ ಲೆಕ್ಕಕ್ಕೆ ಐಪಿಕ್ಯಾಲ್ಕ್ ಎಂಬ ಸಾಧನ ಇದೆ, ಆದರೆ ಕೇಳಬೇಕೆಂದು ತಿದ್ದುವವರಿಗೆ ತೋಚಬೇಕು. ಉದಾಹರಣೆಗೆಂದೇ ಮೀಸಲಿಟ್ಟ ತುಂಡುಗಳು ಮೂರಿವೆ: 192.0.2.0/24, 198.51.100.0/24, 203.0.113.0/24. ಕರಡಿನಲ್ಲಿ ಯಾರದ್ದೋ ನಿಜವಾದ ಸಾರ್ವಜನಿಕ ವಿಳಾಸ ಕಂಡರೆ ಇವುಗಳಲ್ಲಿ ಒಂದಕ್ಕೆ ಬದಲಿಸಿ. 198.51 ಹೋಗಿ 198.15 ಆಗಿರುವುದನ್ನು ಹಿಡಿಯಲು ಮಾತ್ರ ಕಾಗದವೇ ಬೇಕು: ಪ್ರಿಂಟ್ ತೆಗೆದು ಒಬ್ಬರು ಅಂಕಿ ಅಂಕಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು.

ಖರ್ಚು ನೋಡಿದರೂ ಗಿಟ್, ವೇಲ್, ಗ್ರೆಪ್, ಐಪಿಕ್ಯಾಲ್ಕ್ ಎಲ್ಲ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ, ನೆಟ್ ಇಲ್ಲದೆಯೂ. ದಿನವೂ ಟರ್ಮಿನಲ್ ಮುಂದೆ ಕೂರುವ ನನ್ನಂಥವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಗಿಟ್ ಬೇಡವೇ ಬೇಡ ಎನ್ನುವ ಮೇಷ್ಟ್ರುಗಳ ಜೊತೆ ಕೆಲಸವಾದರೆ ರೈಟರ್ ಕೊಡಿ, ಆದರೆ ಮೊದಲ ಅಕ್ಷರ ಮುಟ್ಟುವ ಮುನ್ನ ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಯ್ಕೆಗಳಿಗೆ ಹೋಗಿ ಗೀಟು ಬದಲಿಸುವುದು, ಉದ್ಧರಣ ಚಿಹ್ನೆ ಬದಲಿಸುವುದು, ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವುದು, ಈ ಮೂರರ ಟಿಕ್ಕನ್ನೂ ತೆಗೆಸಿ. ಅವರ ಕಂಪ್ಯೂಟರಿನಲ್ಲೂ ತೆಗೆಸಿ; ಈ ಸೆಟ್ಟಿಂಗ್ ಫೈಲಿನ ಜೊತೆ ಹೋಗುವುದಿಲ್ಲ.