ತಿಗಣೆಗೆ ಗುಳಿಗೆ ಇಡಬೇಡಿ: ಕಾರವಾರದ ಒಂದು ಸಾಲುಮನೆಯಲ್ಲಿ ನಡೆದದ್ದು

ಮೂರು ಮನೆಗೆ ಒಂದೇ ಹಂಚಿನ ಮಾಡು. ನಡುವಿನ ಚಿರೆಕಲ್ಲಿನ ಗೋಡೆಗಳು ಮಾಡಿನವರೆಗೆ ಏರಿಲ್ಲ, ಮೇಲೆ ಒಂದೂವರೆ ಅಡಿ ಖಾಲಿ. ಜುಲೈ ತಿಂಗಳ ಒಂದು ರಾತ್ರಿ ನಡುಮನೆಯವರು ತಿಗಣೆ ಸಾಯಲೆಂದು, ಕಾಳಿನ ಗೋದಾಮಿಗೆ ಇಡುವ ಗುಳಿಗೆ ನಾಲ್ಕನ್ನು ಮಂಚದ ಕೆಳಗೆ ಇಟ್ಟರು. ಬಾಗಿಲ ಸಂದಿಗೆ ಟವೆಲ್ ತುರುಕಿ, ಪಕ್ಕದ ಖೋಲಿಯಲ್ಲಿ ಚಾಪೆ ಹಾಸಿ ಮಲಗಿದರು. ಮೂರು ಗಂಟೆಗೆ ಮಗನಿಗೆ ವಾಂತಿ ಶುರುವಾಯಿತು, ಆಮೇಲೆ ತಾಯಿಗೆ. ಆಚೆ ಮನೆಯ ಅಜ್ಜಿಗೆ ಎದೆ ಬಿಗಿದು ಉಸಿರು ಸಿಗಲಿಲ್ಲ. ಯಾರೋ ಬುದ್ಧಿವಂತರು ಎಲ್ಲರನ್ನೂ ಮಳೆಯಲ್ಲೇ ಅಂಗಳಕ್ಕೆ ಎಳೆದು ತಂದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ಎಲ್ಲರೂ ಉಳಿದುಕೊಂಡರು. ತಿಗಣೆಯೂ ಉಳಿಯಿತು. ಮುಂದಿನ ವಾರವೇ ಗಾದಿಯ ಹೊಲಿಗೆಯಲ್ಲಿ ಮರಿಗಳು ಕಂಡವು.

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫಿನ್ ಎಂಬ ವಿಷಾನಿಲ ಬಿಡುತ್ತದೆ. 3 ಗ್ರಾಂ ಗುಳಿಗೆಯಿಂದ 1 ಗ್ರಾಂ ಅನಿಲ. ಲೆಕ್ಕ ಹಾಕಿ ನೋಡಿ: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಖೋಲಿ ಎಂದರೆ ಸುಮಾರು 25 ಘನ ಮೀಟರ್. ಅದರಲ್ಲಿ ನಾಲ್ಕು ಗುಳಿಗೆಯ 4 ಗ್ರಾಂ ಅನಿಲ ತುಂಬಿದರೆ 110 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 110 ಭಾಗ) ದಾಟುತ್ತದೆ. ಜೀವಕ್ಕೆ ಕೂಡಲೇ ಅಪಾಯ ಎಂದು ಗುರುತಿಸಿರುವ ಮಟ್ಟ 50 ಪಿಪಿಎಂ. ಒಣ ಹವೆಯಲ್ಲಿ ನಿಧಾನವಾಗಿ ಬಿಡುವ ಅನಿಲವನ್ನು ಕಾರವಾರದ ಜುಲೈ ತಿಂಗಳ ತೇವದಲ್ಲಿ ಗುಳಿಗೆ ಬೇಗ ಬಿಟ್ಟುಬಿಡುತ್ತದೆ. ಗೋದಾಮಿನಲ್ಲಿ ದಪ್ಪ ಹಾಳೆ ಹೊದೆಸಿ ಅಂಚಿಗೆ ಮರಳಿನ ಚೀಲ ಇಟ್ಟು ಬಿಗಿ ಮಾಡುತ್ತಾರೆ. ಹಂಚಿನ ಮಾಡಿನ ಮನೆಯಲ್ಲಿ ಅಂಥ ಬಿಗಿ ಎಲ್ಲಿಂದ ಬರಬೇಕು? ಅನಿಲ ಗೋಡೆಯ ಮೇಲಿನಿಂದ ದಾಟಿ ನೆರೆಯವರ ತಲೆದಿಂಬಿಗೆ ಇಳಿಯಿತು. ಖೋಲಿಯಲ್ಲಿ ತಿಗಣೆಯ ಮೊಟ್ಟೆ ಸಾಯುವಷ್ಟು ಹೊತ್ತು ಅದು ನಿಲ್ಲಲೂ ಇಲ್ಲ.

ಫಾಸ್ಫಿನ್‌ಗೆ ಬೆಳ್ಳುಳ್ಳಿಯ, ಇಲ್ಲವೇ ಕೊಳೆತ ಮೀನಿನ ವಾಸನೆ. ಮೀನು ಪೇಟೆಯ ಊರಿನಲ್ಲಿ ಆ ವಾಸನೆಗೆ ಯಾರೂ ಎದ್ದು ಕೂರುವುದಿಲ್ಲ. ಇದಕ್ಕೆ ಮದ್ದೂ ಇಲ್ಲ, ಡಾಕ್ಟರು ಉಸಿರು, ರಕ್ತದೊತ್ತಡ ಹಿಡಿದು ನಿಲ್ಲಿಸಬಹುದು ಅಷ್ಟೇ. ಸಾಮಾನ್ಯರಿಗೆ ಇದನ್ನು ಮಾರುವಂತಿಲ್ಲ, ಅಂಗಡಿಯ ಹಿಂಬಾಗಿಲಿನಿಂದ ಸಿಗುತ್ತದೆ ಎಂಬುದು ಬೇರೆ ಮಾತು. ಮನೆಯಲ್ಲಿ ಯಾರಾದರೂ ಇಟ್ಟದ್ದು ಗೊತ್ತಾದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ನೆರೆಯವರನ್ನೂ ಎಬ್ಬಿಸಿ. ಗುಳಿಗೆಯ ಮೇಲೆ ನೀರು ಸುರಿಯಬೇಡಿ, ಅನಿಲ ಇನ್ನೂ ಜೋರಾಗುತ್ತದೆ. ಎತ್ತಿ ಬಿಸಾಡಲೆಂದು ಒಳಗೆ ಹೋಗಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ. ಆಸ್ಪತ್ರೆಯಲ್ಲಿ ಗುಳಿಗೆಯ ಹೆಸರು ಹೇಳಿ, ಡಬ್ಬಿಯ ಫೋಟೋ ಇದ್ದರೆ ತೋರಿಸಿ. ಮುಚ್ಚಿಟ್ಟರೆ ಊಟದ ದೋಷವೆಂದು ಗ್ಲೂಕೋಸ್ ಹಾಕಿ ಕೂರಿಸುತ್ತಾರೆ.

ಆ ಮನೆಯವರು ದಡ್ಡರೇನಲ್ಲ. ಎರಡು ತಿಂಗಳು ನಿದ್ದೆಗೆಟ್ಟವರು. ಮೇ ಕೊನೆಗೆ ಊರು ಬಿಡುತ್ತಿದ್ದ ಕುಟುಂಬವೊಂದರಿಂದ ಹಳೆಯ ಮರದ ಮಂಚ ಕೊಂಡರು. ಮೊದಲ ಎರಡು ವಾರ ಸೊಳ್ಳೆ ಎಂದುಕೊಂಡರು. ಗಾದಿಯನ್ನು ಬಿಸಿಲಿಗೆ ಹಾಕೋಣ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಡಬ್ಬಿಯ ಸ್ಪ್ರೇ ಹೊಡೆದರು. ಕಚ್ಚುವುದು ಹೆಚ್ಚಾದಾಗ ಮಲಗುವುದನ್ನು ಜಗಲಿಗೆ ಬದಲಾಯಿಸಿದರು, ಹಾಸಿಗೆಯ ಜೊತೆ ತಿಗಣೆಯೂ ಬಂತು. ಹೀಗೆ ಒಂದು ಖೋಲಿಯ ರೋಗ ಎರಡಕ್ಕೆ ಹರಡಿತು. ಆಮೇಲೆ ಔಷಧಿ ಹೊಡೆಯುವವನೊಬ್ಬ ‘ಒಂದೇ ಸಲಕ್ಕೆ ಗ್ಯಾರಂಟಿ’ ಎಂದು ಎರಡೂವರೆ ಸಾವಿರ ತೆಗೆದುಕೊಂಡು, ಮಂಚ ಬಿಚ್ಚದೆ, ನೆಲಕ್ಕೂ ಗೋಡೆಗೂ ಇಪ್ಪತ್ತು ನಿಮಿಷ ಹೊಡೆದು ಹೋದ. ಒಂಬತ್ತನೇ ದಿನ ಸಾಸಿವೆಗಿಂತ ಚಿಕ್ಕ, ನಸುಹಳದಿ ಮರಿಗಳು ಹೊರಟವು. ಫೋನು ಮಾಡಿದರೆ ಎತ್ತಲಿಲ್ಲ.

ಒಂಬತ್ತನೇ ದಿನವೇ ಏಕೆ ಎಂದರೆ, ಅದು ಮೊಟ್ಟೆಯ ಲೆಕ್ಕ. ತಿಗಣೆಯ ಮೊಟ್ಟೆ ಒಂದು ಮಿಲಿಮೀಟರಿನಷ್ಟು, ಬಿಳಿ, ಮರಕ್ಕೆ ಅಂಟಿರುತ್ತದೆ. ಸಾಮಾನ್ಯ ಔಷಧಿ ಅದರೊಳಗೆ ಹೋಗುವುದಿಲ್ಲ. ನಮ್ಮ ಸೆಕೆಗೆ ಆರರಿಂದ ಹತ್ತು ದಿನದಲ್ಲಿ ಒಡೆಯುತ್ತದೆ. ಮರಿ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ರಕ್ತ ಬೇಕು, ಐದಾರು ವಾರಕ್ಕೆ ತಾನೇ ಮೊಟ್ಟೆ ಇಡಲು ಶುರು ಮಾಡುತ್ತದೆ. ಆದ್ದರಿಂದ ಯಾವ ಕ್ರಮವಾದರೂ ಹತ್ತರಿಂದ ಹದಿನಾಲ್ಕು ದಿನದ ಅಂತರದಲ್ಲಿ ಮೂರು ಸಲ ನಡೆಯಬೇಕು. ಒಂದೇ ಸಲಕ್ಕೆ ಗ್ಯಾರಂಟಿ ಎನ್ನುವವನಿಗೆ ಈ ಲೆಕ್ಕ ಗೊತ್ತಿಲ್ಲ, ಗೊತ್ತಿದ್ದರೆ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.

ಡಬ್ಬಿ ಸ್ಪ್ರೇಗಳಲ್ಲಿ ಇರುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಜಾತಿಯ ಔಷಧಿ. ತಿಗಣೆಗೆ ಅದು ಜಗತ್ತಿನ ಬಹಳ ಕಡೆ ಹಳತಾಗಿದೆ, ಮೈಗೆ ತಾಗಿದರೂ ಸಾಯುವುದಿಲ್ಲ. ಹೊಗೆ ಬಿಡುವ ಡಬ್ಬಿ ಇನ್ನೂ ಕೆಟ್ಟದ್ದು. ಹೊಗೆ ಸಂದಿಯೊಳಗೆ ಹೋಗದು, ತಿಗಣೆಯನ್ನು ಮಾತ್ರ ಪಕ್ಕದ ಖೋಲಿಗೆ ಚದುರಿಸುತ್ತದೆ. ಲಕ್ಕಿ ಸೊಪ್ಪಿನ ಹೊಗೆಯ ಕತೆಯೂ ಇಷ್ಟೇ. ಡಾಂಬರು ಗುಳಿಗೆ, ಜಿರಳೆಯ ಸೀಮೆಸುಣ್ಣ, ಗೋಡೆಗೆ ಸಿಕ್ಕಿಸುವ ಶಬ್ದದ ಯಂತ್ರ, ಇವಕ್ಕೆ ಕೊಡುವ ದುಡ್ಡು ದಂಡ. ಬೋರಿಕ್ ಪುಡಿ ತಿಂದರೆ ಜಿರಳೆ ಸಾಯುತ್ತದೆ, ರಕ್ತ ಬಿಟ್ಟು ಬೇರೇನನ್ನೂ ಕುಡಿಯದ ತಿಗಣೆಗೆ ಅದರಿಂದ ಏನೂ ಆಗದು. ಡೈಕ್ಲೋರ್ವಾಸ್ ಇರುವ ಹಳೆಯ ಬಾಟಲಿ ಕಪಾಟಿನ ಮೂಲೆಯಲ್ಲಿದ್ದರೆ ಮುಟ್ಟಬೇಡಿ, 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಬಳಕೆಯೇ ನಿಷೇಧ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇನ್ನೊಂದು ಮಾತು: ತೋಟಕ್ಕೆ ತಂದ ಕೀಟನಾಶಕವನ್ನು ಬೆನ್ನಿನ ಪಂಪಿನಲ್ಲಿ ಹಾಕಿ ಹಾಸಿಗೆಗೆ ಹೊಡೆಯುವುದು ಬೇಡ. ಎಂಟು ತಾಸು ಮೈ ಒತ್ತಿ ಮಲಗುವ ಬಟ್ಟೆಗೆಂದು ಅದನ್ನು ಮಾಡಿಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕೊಳೆರೋಗದ ಶಿಲೀಂಧ್ರಕ್ಕೆ, ತಿಗಣೆಗಲ್ಲ.

ಕಡಿಮೆ ಖರ್ಚಿನಲ್ಲಿ ಮೊಟ್ಟೆಯನ್ನೂ ಸೇರಿಸಿ ಕೊಲ್ಲುವುದು ಬಿಸಿ. 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿಗಣೆಯೂ ಮೊಟ್ಟೆಯೂ ನಿಮಿಷಗಳಲ್ಲಿ ಸಾಯುತ್ತವೆ. 45ಕ್ಕೆ ದೊಡ್ಡವು ಸಾಯಲೂ ಒಂದೂವರೆ ತಾಸು ಬೇಕು. ಬಿಸಿಲಿಗೆ ಹಾಕಿದ ಹತ್ತಿ ಗಾದಿ ಸೋಲುವುದು ಇಲ್ಲೇ. ಮೇಲ್ಮೈ ಸುಡುತ್ತದೆ, ಒಳಗೆ ಬೆಚ್ಚಗಷ್ಟೇ, ತಿಗಣೆ ನೆರಳಿನ ಮಗ್ಗುಲಿಗೆ ಸರಿದು ಕೂರುತ್ತದೆ.

ನಮ್ಮ ಕಡೆಯ ಮನೆಗಳಿಗೆ ಇರುವ ದೊಡ್ಡ ಅನುಕೂಲ ಬಚ್ಚಲ ಹಂಡೆ. ಹೊದಿಕೆ, ದಿಂಬಿನ ಚೀಲ, ಸೊಳ್ಳೆ ಪರದೆ, ಪರದೆ ಬಟ್ಟೆ ಎಲ್ಲವನ್ನೂ ಖೋಲಿಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಚ್ಚಲಿಗೆ ಒಯ್ಯಿರಿ. ಕೈಯಲ್ಲಿ ಅಪ್ಪಿಕೊಂಡು ಹೋದರೆ ದಾರಿಯುದ್ದಕ್ಕೂ ಉದುರುತ್ತವೆ. ಕುದಿ ನೀರನ್ನು ದೊಡ್ಡ ಬೋಗುಣಿಗೆ ಸುರಿದು, ಬಟ್ಟೆ ಪೂರ್ತಿ ಮುಳುಗಿಸಿ ಅರ್ಧ ತಾಸು ಬಿಡಿ. ನೀರು ಆರಿ 60 ಡಿಗ್ರಿಗಿಂತ ಕೆಳಗೆ ಬಂದರೆ ಮತ್ತೆ ಸುರಿಯಿರಿ. ಒಣಗಿದ ಬಟ್ಟೆಯನ್ನು ಹೊಸ ಚೀಲದಲ್ಲಿ ಕಟ್ಟಿಡಿ, ಹಳೆಯ ಚೀಲ ಒಲೆಯ ಹತ್ತಿರದ ಕಸಕ್ಕೆ ಬೇಡ, ಕಟ್ಟಿ ಹೊರಗೆ. ಕಂಬಳಿಗೆ ಕುದಿ ನೀರು ಆಗದು, ಚೀಲದಲ್ಲಿ ಕಟ್ಟಿ ಬೇಸಿಗೆಯವರೆಗೆ ಪ್ರತ್ಯೇಕ ಇಡುವುದೇ ದಾರಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಶೆಡ್ ಇದ್ದವರು, ಡಿಸೆಂಬರಿನ ನಂತರ, ಗಾದಿಯನ್ನು ಅದರಲ್ಲಿ ಹಾಕಬಹುದು. ಆದರೆ ಒಂದು ಥರ್ಮಾಮೀಟರ್‌ನ ಮೂತಿಯನ್ನು ಗಾದಿಯ ನಡುವಿಗೆ ತುರುಕಿ, ಅಲ್ಲಿ 50 ಕಂಡು ಎರಡು ತಾಸು ಆದಮೇಲೇ ತೆಗೆಯಬೇಕು. ಶೆಡ್ಡಿನ ಗಾಳಿ ಬಿಸಿ ಇದ್ದರೆ ಸಾಲದು.

ಪುಸ್ತಕ, ಚಪ್ಪಲಿ, ಮಕ್ಕಳ ಗೊಂಬೆಗೆ ಫ್ರಿಜ್ಜಿನ ಫ್ರೀಜರ್: ಮೈನಸ್ 18ರಲ್ಲಿ ನಾಲ್ಕು ಪೂರ್ತಿ ದಿನ. ಮೀನಿಗೆ ಹಾಕುವ ಐಸ್ ಪೆಟ್ಟಿಗೆ ಇದಕ್ಕೆ ಬಾರದು, ಅದು ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮಂಚವನ್ನು ಬಿಚ್ಚಲೇಬೇಕು. ತಿಗಣೆ ಇರುವುದು ಗಾದಿಯಲ್ಲಷ್ಟೇ ಅಲ್ಲ, ಮಂಚದ ಕೀಲಿನಲ್ಲಿ, ಮೊಳೆ ತೂತಿನಲ್ಲಿ, ಹಲಗೆ ಕೂರುವ ಪಟ್ಟಿಯ ಅಡಿಯಲ್ಲಿ ಕೂಡ. ನೆಲಕ್ಕೆ ಬಿಳಿ ಪಂಚೆ ಹಾಸಿ, ಒಂದೊಂದು ಹಲಗೆಯನ್ನೂ ನೆಟ್ಟಗೆ ಹಿಡಿದು ಕುಟ್ಟಿ. ಬಿದ್ದದ್ದನ್ನು ಸೋಪಿನ ನೀರಿಗೆ ಗುಡಿಸಿ. ಗಟ್ಟಿ ಮರಕ್ಕೆ ಕೆಟಲಿನಿಂದ ಕುದಿ ನೀರನ್ನು ಕೀಲುಗಳಿಗೆ ನಿಧಾನ ಹುಯ್ಯಿರಿ. ಪ್ಲೈವುಡ್ ಆದರೆ ಉಬ್ಬುತ್ತದೆ, ಅದಕ್ಕೆ ಬಟ್ಟೆಗೆ ಹಿಡಿಯುವ ಸ್ಟೀಮರ್ ಬಳಸಿ. ಮೂತಿಗೆ ತೆಳು ಬಟ್ಟೆ ಕಟ್ಟಿ, ಒಂದು ಅಡಿಗೆ ಅರ್ಧ ನಿಮಿಷದ ವೇಗದಲ್ಲಿ ಎಳೆಯಿರಿ. ಬೇಗ ಎಳೆದರೆ ಬಿಸಿ ಒಳಗೆ ತಲುಪದು, ತಿಗಣೆ ಸಾಯುವುದಿಲ್ಲ. ಗಾದಿಯ ಹೊಲಿಗೆಗೂ ಇದೇ. ತಲೆ ಒಣಗಿಸುವ ಡ್ರೈಯರ್‌ನಿಂದ ಕೆಲಸ ಆಗದು. ಸೀಮೆಎಣ್ಣೆ, ಪೆಟ್ರೋಲು ಹಚ್ಚುವ ಹಳೆಯ ರೂಢಿ ಬಿಟ್ಟುಬಿಡಿ, ಬೆಂಕಿ ಹತ್ತಲು ಒಂದು ಕಿಡಿ ಸಾಕು. ಮರ ಒಣಗಿದ ಮೇಲೆ ಮರದ ಹೊಟ್ಟು, ಫೆವಿಕಾಲ್ ಕಲಸಿ ತೂತು ಮುಚ್ಚಿ, ಕೀಲುಗಳಿಗೆ ಮೇಣದ ಬತ್ತಿ ಕರಗಿಸಿ ಬಿಡಿ.

ಗಿಲಾಯಿ (ಪ್ಲಾಸ್ಟರ್) ಮಾಡದ ಚಿರೆಕಲ್ಲಿನ ಗೋಡೆ ತಿಗಣೆಗೆ ಸಾವಿರ ಬಾಗಿಲಿನ ಮನೆ. ಪೂರ್ತಿ ಗೋಡೆಗೆ ಗಿಲಾಯಿ ಮಾಡಿಸಲು ಬಾಡಿಗೆದಾರರಿಗೆ ಆಗದು, ಬೇಕಾಗಿಯೂ ಇಲ್ಲ. ಮಂಚದ ಸುತ್ತ ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಕಲ್ಲಿನ ತೂತುಗಳಿಗೆ ಬಿಳಿ ಸಿಮೆಂಟಿನ ಹಿಟ್ಟನ್ನು ಹಳೆಯ ಬ್ರಶ್ಶಿನಲ್ಲಿ ಮೆತ್ತಿ. ಕ್ಯಾಲೆಂಡರು, ದೇವರ ಪಟದ ಹಿಂಬದಿ ತೆಗೆದು ನೋಡಿ. ಡಯಟೊಮೇಶಿಯಸ್ ಪುಡಿಯನ್ನು ಈಗ ಎಲ್ಲರೂ ಹೊಗಳುತ್ತಾರೆ. ಅದು ತಿಗಣೆಯ ಮೈಯ ಮೇಣ ಹೀರಿ ಒಣಗಿಸಿ ಕೊಲ್ಲುವಂಥದ್ದು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪುಡಿಯೇ ತೇವ ಹೀರಿ ಹೆಂಟೆಯಾಗುತ್ತದೆ. ಮಳೆ ಬಿಟ್ಟ ಮೇಲೆ, ಮೂಗಿಗೆ ಬಟ್ಟೆ ಕಟ್ಟಿ, ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಒಣ ಸಂದಿಗೆ ಮಾತ್ರ ಹಚ್ಚಿ. ರಾಶಿ ಹಾಕಿದರೆ ತಿಗಣೆ ಸುತ್ತು ಹಾಕಿ ಹೋಗುತ್ತದೆ.

ಮಂಚವನ್ನು ಮತ್ತೆ ಕೂಡಿಸಿ ಗೋಡೆಯಿಂದ ಅರ್ಧ ಅಡಿ ದೂರ ಇಡಿ. ನಾಲ್ಕು ಕಾಲಿನ ಕೆಳಗೆ ನಾಲ್ಕು ಬಟ್ಟಲು, ಎರಡು ಬೆರಳು ನೀರು, ಚಿಟಿಕೆ ಸೋಪಿನ ಪುಡಿ. ಹಿಂದಿನವರು ಗರಟೆಯಲ್ಲಿ ಎಣ್ಣೆ ಹಾಕಿ ಇಡುತ್ತಿದ್ದುದೂ ಇದೇ ಉಪಾಯ. ನೀರಿಲ್ಲದ ನುಣುಪು ಬಟ್ಟಲು ಸಾಲದು, ಬಿಸಿ ನಾಡುಗಳಲ್ಲಿರುವ ಸೈಮೆಕ್ಸ್ ಹೆಮಿಪ್ಟರಸ್ ಜಾತಿಯ ತಿಗಣೆ ನುಣುಪನ್ನೂ ಹತ್ತಬಲ್ಲದು. ವಾರಕ್ಕೆ ಎರಡು ಸಲ ನೀರು ಬದಲಿಸಿ, ಇಲ್ಲದಿದ್ದರೆ ಅದೇ ಸೊಳ್ಳೆಯ ತೊಟ್ಟಿಲಾಗುತ್ತದೆ. ಈ ಬಟ್ಟಲನ್ನು ಹಾಳು ಮಾಡುವುದು ಸೊಳ್ಳೆ ಪರದೆ. ಗೋಡೆಯ ಮೊಳೆಗೆ ಕಟ್ಟಿದ ಅದರ ನಾಲ್ಕು ದಾರ ತಿಗಣೆಗೆ ನಾಲ್ಕು ಸಂಕ. ಮಂಚಕ್ಕೇ ಕೋಲು ನಿಲ್ಲಿಸಿ ಪರದೆ ಕಟ್ಟಿ, ಹೊದಿಕೆ ನೆಲಕ್ಕೆ ತಾಗದಂತೆ ಮಡಚಿ. ಆಮೇಲೆ ಅದೇ ಮಂಚದಲ್ಲೇ ಮಲಗಿ. ಜಗಲಿಗೆ ಓಡಿದರೆ ಅವೂ ಹಿಂದೆ ಬರುತ್ತವೆ.

ದುಡ್ಡು ಕೊಟ್ಟು ಕರೆಸುವುದಾದರೆ ಮೂರು ಪ್ರಶ್ನೆ ಕೇಳಿ: ಕೀಟನಾಶಕ ಕಾಯ್ದೆಯ ಪರವಾನಗಿ ಇದೆಯೇ, ಔಷಧಿಯ ಹೆಸರು ಬರೆದುಕೊಡುತ್ತೀರಾ, ಮಂಚ ಬಿಚ್ಚಿ ಹೊಡೆದು, ಎರಡೆರಡು ವಾರ ಬಿಟ್ಟು ಇನ್ನೂ ಎರಡು ಸಲ ಬರುತ್ತೀರಾ. ಪೂರ್ತಿ ಹಣ ಮೂರನೇ ಸಲದ ನಂತರ. ಸಾಲುಮನೆಯಾದರೆ ಮೂರೂ ಮನೆಯಲ್ಲಿ ಒಂದೇ ದಿನ ಮಾಡಿ, ನಾಚಿಕೆಯಿಂದ ಮುಚ್ಚಿಟ್ಟ ಮನೆಯಿಂದಲೇ ಅದು ಮತ್ತೆ ಬರುವುದು.

ತಿಗಣೆಯೋ ಅಲ್ಲವೋ ಎಂಬ ಅನುಮಾನಕ್ಕೆ: ಗಾದಿಯ ಹೊಲಿಗೆಯ ಕಪ್ಪು ಚುಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕಂದು ಬಣ್ಣ ಹರಡಬೇಕು. ಕಾಲು ಎಣಿಸಿ, ಆರು ಇದ್ದರೆ ತಿಗಣೆ ಇರಬಹುದು, ಎಂಟು ಇದ್ದರೆ ಉಣುಗು. ಸಿದ್ದಾಪುರದ ಕಡೆ ಈ ವ್ಯತ್ಯಾಸ ಸಣ್ಣದಲ್ಲ, ಮಂಗನ ಕಾಯಿಲೆ ತರುವುದು ಉಣುಗು. ತಿಗಣೆ ಕಡಿತದಿಂದ ರೋಗ ಹರಡಿದ್ದು ಗೊತ್ತಿಲ್ಲ, ತುರಿಕೆ, ಕೆರೆದು ಆಗುವ ಗಾಯ ಮಾತ್ರ.

ಆ ಸಾಲುಮನೆಯಲ್ಲಿ ಕೊನೆಗೆ ಆಗಸ್ಟ್‌ನಲ್ಲಿ ಮೂರು ಸಲ ಕುದಿ ನೀರು, ಸ್ಟೀಮರ್, ಬಟ್ಟಲು ಆಯಿತು. ಸೆಪ್ಟೆಂಬರ್ ಎರಡನೇ ವಾರದ ನಂತರ ಬಟ್ಟಲಿಗೆ ಒಂದೂ ಬೀಳಲಿಲ್ಲ. ಬಟ್ಟಲನ್ನು ಮತ್ತೂ ಎಂಟು ವಾರ ಇಟ್ಟರು, ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಬದುಕುವ ಹುಳು ಅದು. ಹಳೆಯ ಗಾದಿಯನ್ನು ರಸ್ತೆ ಬದಿಗೆ ಇಡುವ ಮೊದಲು ಉದ್ದಕ್ಕೆ ಸೀಳಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ ‘ತಿಗಣೆ ಇದೆ’ ಎಂದು ಬರೆದಿಟ್ಟರು.